ಗಾಜಿನ ಕೆಳಗಿನ ಕಂದು

ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೀ ಸಿದ್ರಾಯನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋಲಾರ ಸಿದ್ರಾಯ ಎಂದರೆ ಮಾತ್ರ ಚಹದ ಅಂಗಡಿಯವನು ಕೈಯಲ್ಲಿನ ಸಾಣಿಗೆ ಬಿಟ್ಟು ಬಂದು ದಾರಿ ತೋರಿಸುತ್ತಿದ್ದ. ಆ ಕಡೆಯ ಜನ ಕರೆಂಟು ಹೋದರೆ ಇನ್ನೂ ಚಿಮಣಿ ಹುಡುಕುತ್ತಿದ್ದ ಕಾಲದಲ್ಲೇ ಅವನು ಗೆಳೆಯ ಖಲೀಲನನ್ನು ಜೊತೆ ಮಾಡಿಕೊಂಡು ಮಾಳಿಗೆ ಮಾಳಿಗೆ ಹತ್ತಿ ಸೋಲಾರ ಪ್ಲೇಟು ಕೂಡಿಸಲು ಶುರುಮಾಡಿದವನು. ದಡ್ಡಿಯಿಂದ ಮೂಡಲಗಿಯವರೆಗೆ ಅವನ ಕೈಯಿಂದ ಕೂತ ಪ್ಲೇಟುಗಳಿದ್ದವು. ಕೂಡಿಸಿ ಬಂದ ಮೇಲೆ ಮರೆಯುವವನೂ ಅಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಗಾಡಿ ನಿಲ್ಲಿಸಿ, ಮಗಳನ್ನು ಕೊಟ್ಟ ಮನೆಗೆ ಹೋದವನ ಹಾಗೆ ಮೇಲೇರಿ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದ.

ಹಳೆಯದಾದಂತೆ ಕೆಲವು ಪ್ಲೇಟುಗಳ ಬಣ್ಣ ತಿರುಗುತ್ತದೆ. ನೀಲಿ ಇದ್ದದ್ದು ಹಳದಿಗೆ ಬಂದು, ಹಳದಿ ಹೋಗಿ ಚಹದ ಕಲೆಯಂಥ ಕಂದು ಆಗುತ್ತದೆ. ಮಂದಿ ಗಾಬರಿಯಾಗಿ ಅವನನ್ನು ಕರೆಸುತ್ತಿದ್ದರು. ಸಿದ್ರಾಯ ಮೊದಲು ಒದ್ದೆ ಅರಿವೆಯಿಂದ ಒಂದು ಮೂಲೆ ಒರೆಸಿ ತೋರಿಸುತ್ತಿದ್ದ. ಧೂಳು, ಹಕ್ಕಿಯ ಹಿಕ್ಕೆ, ಬೋರಿನ ನೀರು ಆರಿ ಉಳಿದ ಬಿಳಿ ಉಪ್ಪು, ಇವೆಲ್ಲ ಗಾಜಿನ ಮೇಲಿನವು, ತಾಳ್ಮೆಯಿಂದ ತೊಳೆದರೆ ಹೋಗುತ್ತವೆ. ಕಂದು ಮಾತ್ರ ಗಾಜಿನ ಕೆಳಗಿನದು. ಗಾಜಿಗೂ ಒಳಗೆ ಕರೆಂಟು ಹುಟ್ಟಿಸುವ ಬಿಲ್ಲೆಗಳಿಗೂ ನಡುವೆ ತೆಳ್ಳನೆಯ ಅಂಟಿನ ಪದರ ಇರುತ್ತದೆ. ವರ್ಷಗಟ್ಟಲೆ ಬಿಸಿಲನ್ನೂ ಝಳವನ್ನೂ ಕುಡಿದು ಆ ಅಂಟೇ ಬೆಂದು ಕೆಂಪಗಾಗುತ್ತದೆ. ಇಷ್ಟು ಹೇಳಿ ಅವನು ನಗುತ್ತ ಒಂದು ಮಾತು ಕೂಡಿಸುತ್ತಿದ್ದ:

"ಹಾಲ ಕಾಸಿ ಕಾಸಿ ಕುಂದಾ ಮಾಡ್ತಾರಲ್ರಿ, ಹಂಗ ಇದು. ಕುಂದಾ ತೊಳದ್ರ ತಿರಗಿ ಹಾಲ ಆಗ್ತೈತೇನ್ರಿ?"

ಹೆಂಡತಿ ದಾಕ್ಷಾಯಿಣಿಗೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಅವರ ಮನೆಯ ಮಾಳಿಗೆಯ ಮೇಲಿದ್ದವು ಸಿದ್ರಾಯ ಮೊಟ್ಟಮೊದಲು ಕೂಡಿಸಿದ ಪ್ಲೇಟುಗಳು. ಎಲ್ಲಕ್ಕಿಂತ ಹೆಚ್ಚು ಕಂದಾದವೂ ಅವೇ. ಊರವರಿಗೆಲ್ಲ ಹೊಸದು ಹಾಕುವವನು ಸ್ವಂತ ಮನೆಯವನ್ನು ಬದಲಿಸಿರಲಿಲ್ಲ. ಬಂದ ಗಿರಾಕಿಗಳನ್ನು ಮೇಲೆ ಕರೆದೊಯ್ದು ತೋರಿಸಲು ಬೇಕು ಅನ್ನುತ್ತಿದ್ದ. ದಾಕ್ಷಾಯಿಣಿ ಕೆಳಗೆ ಕುಪ್ಪಸ ಹೊಲಿಯುತ್ತ ಕೂತಿದ್ದರೆ ಮೇಲಿಂದ ಅವನ ದನಿ ಇಳಿದು ಬರುತ್ತಿತ್ತು. ಕುಂದಾದ ಮಾತಿಗೆ ಅವನು ಬರುವ ಮೊದಲೇ ಅವಳ ತುಟಿ ಆ ಮಾತಿಗೆ ಬಂದಿರುತ್ತಿತ್ತು. ಹೆರವರ ಮುಂದೆ ಅವನು ಅವಳ ಹೆಸರು ಹಿಡಿಯುತ್ತಿರಲಿಲ್ಲ, 'ನಮ್ಮಾಕಿ' ಎನ್ನುತ್ತಿದ್ದ. ಮಂದಿ ಹೋಗಿ ಬಾಗಿಲು ಮುಂದೆ ಮಾಡಿದ ಮೇಲೆ ಮಾತ್ರ ದಾಕ್ಷಾ.

ಒಂದು ದೀಪಾವಳಿಯ ಹಿಂದುಮುಂದು, ಶೇಂಗಾ ಒಣಹಾಕಲು ಮೊರ ಹಿಡಿದು ಅವಳು ಮೇಲೆ ಹೋದಳು. ಸಿದ್ರಾಯ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುವ ತಂತಿಯ ಉಂಡೆಯಿಂದ ಪ್ಲೇಟು ತಿಕ್ಕುತ್ತಿದ್ದ. ಗಾಜಿಗೆ ಒರಟು ಬಟ್ಟೆಯನ್ನೂ ಸೋಕಿಸಗೊಡದ ಮನುಷ್ಯ ತನಗೆ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು.

"ಏನ್ರಿ, ಕುಂದಾ ತೊಳದ ಹಾಲ ಮಾಡಾಕತ್ತೀರೇನು?" ಎಂದು ನಕ್ಕಳು.

ಅವನು ತಲೆಯೆತ್ತಿದ. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು.

"ಯಾವ ಕುಂದಾ?" ಎಂದ.

ಮುಖದಲ್ಲಿ ನಗೆಯ ಸುಳಿವಿರಲಿಲ್ಲ. ನಿಜವಾಗಿ ಕೇಳುತ್ತಿದ್ದ. ದಾಕ್ಷಾಯಿಣಿ ಮೊರವನ್ನು ಕೆಳಗಿಟ್ಟಳು. ಹಿಂದಿನ ತಿಂಗಳುಗಳಲ್ಲಿ ಕಂಡೂ ಕಾಣದಂತೆ ದಾಟಿಸಿದ್ದೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತಿತು. ನಿಡಸೋಸಿಗೆ ಹೊರಟವನು ಗೋಕಾಕದ ದಾರಿ ಹಿಡಿದು ಬಹಳ ದೂರ ಹೋಗಿ ತಿರುಗಿ ಬಂದಿದ್ದ. ಖಲೀಲನ ಮಗಳ ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಬಂದು, ಮದುವೆ ಯಾವಾಗ ಎಂದು ಕೇಳಿದ್ದ. ಐವತ್ತೈದೂ ತುಂಬದ ಗಂಡಸು. ದಣಿವು, ತಲೆಯೊಳಗೆ ನೂರೆಂಟು ಕೆಲಸ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು.

ಮರುದಿನದಿಂದ ಅವಳು ಅವನ ಗಾಡಿಯ ಹಿಂದೆ ಕೂತಳು. ಮನೆಯಲ್ಲಿ ಕೂತು ಬೇಸರ ಬಂದಿದೆ, ನಾಲ್ಕು ಊರು ನೋಡುತ್ತೇನೆ ಎಂದು ಕೇಳಿದವರಿಗೆ ಹೇಳಿದಳು. ಗಿರಾಕಿಗಳು ಗಂಡಹೆಂಡಿರ ಅನ್ಯೋನ್ಯ ಕಂಡು ಹಿಗ್ಗಿದರು. ಅವನು ತಡವರಿಸುವ ಮುಂಚೆಯೇ ಅವಳು ಮಾತು ಎತ್ತಿಕೊಳ್ಳುತ್ತಿದ್ದಳು. 'ನಮ್ಮನಿಯವರು ಹೇಳ್ತಿರ್ತಾರ' ಎಂದು ಶುರುಮಾಡಿ ಅಂಟಿನ ಪದರ, ಬಿಸಿಲು, ಝಳ ಎಲ್ಲ ಅವನ ಮಾತಲ್ಲೇ ಹೇಳಿ ಮುಗಿಸುತ್ತಿದ್ದಳು. ಮೊದಮೊದಲು ಸಿದ್ರಾಯ ಅವಳತ್ತ ಋಣಿಯ ಹಾಗೆ ನೋಡುತ್ತಿದ್ದ. ಆಮೇಲೆ ಉಳಿದ ಮಂದಿಯಂತೆ ತಾನೂ ನಿಂತು ಕೇಳತೊಡಗಿದ.

ಒಂದು ಮಧ್ಯಾಹ್ನ ಘಟಪ್ರಭೆಯ ಕಡೆಯಿಂದ ಬರುವಾಗ ಧುಪದಾಳದ ಒಡ್ಡಿನ ಹತ್ತಿರ ಅವನು ತಾನಾಗಿ ಗಾಡಿ ನಿಲ್ಲಿಸಿದ. ನೀರು ನಿಂತಲ್ಲಿ ಬೆಳ್ಳಕ್ಕಿಗಳು ಕೂತಿದ್ದವು. ಅವುಗಳತ್ತ ನೋಡುತ್ತ ಹೇಳಿದ:

"ದಾಕ್ಷಾ, ತಲಿಯೊಳಗ ಏನೋ ಸರಕೊಂಡ ಹೊಂಟೈತಿ. ಹಿಡೀತೀನಂದ್ರ ಕೈಗಿ ಸಿಗವಲ್ದು."

"ಡಾಕ್ಟರ ಕಡೆ ಹೋಗೂಣ್ರಿ."

"ಹೋಗೂಣು, ಈಗ ಬ್ಯಾಡ. ಖಲೀಲಗ ಹೇಳಬ್ಯಾಡ, ರಾಜೀಗೂ ಹೇಳಬ್ಯಾಡ. ಗೊತ್ತಾತಂದ್ರ ನನಗ ಮಾಳಿಗಿ ಹತ್ತಾಕ ಬಿಡೂದಿಲ್ಲ ಅವರು. ಆಣಿ ಮಾಡು."

ರಾಜಿ ಎಂದರೆ ರಾಜೇಶ್ವರಿ, ಗೋಕಾಕಕ್ಕೆ ಕೊಟ್ಟ ಒಬ್ಬಳೇ ಮಗಳು. ದಾಕ್ಷಾಯಿಣಿ ಅವನ ಅಂಗೈ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಅವನು ತನಗೇನಾಗುತ್ತಿದೆ ಎಂದು ತಾನೇ ತಿಳಿದು ಮಾತಾಡಿದ್ದು ಅದೇ ಕಡೆಯ ಸಲ. ಮುಂದೆ ಎಷ್ಟೋ ದಿನ, ಆಗಲೇ ಕೈ ಹಿಡಿದು ಎಳೆದುಕೊಂಡು ದವಾಖಾನೆಗೆ ಹೋಗಬೇಕಿತ್ತು ಎಂದು ಅವಳು ಮರುಗಿದಳು. ಆದರೆ ಆ ಹೊತ್ತಿನಲ್ಲಿ ಅವನ ಕಣ್ಣು ನೋಡಿ ಇಲ್ಲವೆನ್ನಲು ಅವಳಿಂದಾಗಲಿಲ್ಲ.

ಆ ಚಳಿಗಾಲ ಹೇಗೋ ದಾಟಿತು. ಖಾರ ಕುಟ್ಟಿಸುವ ಸುಗ್ಗಿ ಬಂದಾಗ ಮೂಡಲಗಿಯ ಬೇಗಂಬಿ ಫೋನು ಮಾಡಿದಳು. ಗಂಡ ತೀರಿದ ಮೇಲೆ ಮೆಣಸಿನಕಾಯಿ ಗಿರಣಿಯನ್ನು ಒಬ್ಬಳೇ ನಡೆಸಿಕೊಂಡು ಬಂದ ಗಟ್ಟಿ ಹೆಂಗಸು. ಗಿರಣಿಯನ್ನು ಓಡಿಸುವ ಮಾಳಿಗೆಯ ಪ್ಲೇಟುಗಳನ್ನು ಕೂಡಿಸಿದವನು ಸಿದ್ರಾಯನೇ. ಪ್ಲೇಟು ಕೆಂಪಾಗಿವೆ, ಗಿರಣಿ ಮೊದಲಿನಂತೆ ಎಳೆಯುತ್ತಿಲ್ಲ, ಬಂದು ನೋಡಿ ಹೋಗು ಎಂದಳು. ಹೋದರು. ಅಂಗಳದಲ್ಲಿ ಹೊರೆ ಹೊರೆ ಮೆಣಸಿನಕಾಯಿ ಬಿದ್ದಿತ್ತು, ಗಾಳಿಯಲ್ಲೇ ಖಾರ. ಬೇಗಂಬಿ ದಾಕ್ಷಾಯಿಣಿಯ ಕೈ ಹಿಡಿದು ಚಹಕ್ಕೆಂದು ಒಳಗೆ ಕರೆದುಕೊಂಡಳು. ಸಿದ್ರಾಯ ನಿಚ್ಚಣಿಕೆ ಹತ್ತಿದ. ನೋಡಿ ಇಳಿಯುವುದಷ್ಟೇ ಅಲ್ಲವೇ ಎಂದು ಅವಳು ಬಿಟ್ಟಳು.

ಗಿರಣಿಯ ಗದ್ದಲದಲ್ಲಿ ಮೇಲಿನ ಸದ್ದು ಕೇಳಿಸಲಿಲ್ಲ. ಗಿರಣಿ ನಿಧಾನವಾಗುತ್ತ ಬಂದು ನಿಂತಾಗ ಮಾತ್ರ ಕಬ್ಬಿಣ ಗಾಜನ್ನು ಕೆರೆಯುವ ಸದ್ದು ಇಬ್ಬರಿಗೂ ಕೇಳಿತು. ದಾಕ್ಷಾಯಿಣಿ ಚಹದ ಬಸಿ ಅಲ್ಲೇ ಬಿಟ್ಟು ಓಡಿದಳು. ಗಿರಣಿಯ ಜಾಳಿಗೆ ತಿಕ್ಕುವ ತಂತಿ ಬ್ರಷ್ಷು ಅವನ ಕೈಯಲ್ಲಿತ್ತು, ಪಾಯಖಾನೆ ತೊಳೆಯುವ ಆ್ಯಸಿಡ್ಡಿನ ಬಾಟಲಿ ಬಾಜೂಕ್ಕೆ ಖಾಲಿ ಬಿದ್ದಿತ್ತು. ಒಂದೂ ಬಿಡದೆ ಎಲ್ಲ ಪ್ಲೇಟು ತಿಕ್ಕಿದ್ದ. ಗಾಜೆಲ್ಲ ಗೀರು ಬಿದ್ದು ಮಜ್ಜಿಗೆ ಚೆಲ್ಲಿದ ಹಾಗೆ ಮಂಜಾಗಿತ್ತು. ಅದರ ಕೆಳಗೆ ಕಂದು ಇದ್ದ ಹಾಗೇ ಇತ್ತು. ಅವನ ಬೆರಳುಗಳು ಸುಟ್ಟು ಕೆಂಪಾಗಿದ್ದವು. ಹಿಂದೆಯೇ ಹತ್ತಿ ಬಂದ ಬೇಗಂಬಿಯನ್ನು ಕಂಡು ಅವನು ಕೆಲಸ ಮುಗಿಸಿದವನ ಹಾಗೆ ಹಗುರಾಗಿ ಹೇಳಿದ:

"ಖಾರದ ಧೂಳರಿ ಆಪಾ. ಇನ್ನೊಂದೀಟ ತಿಕ್ಕಿದ್ರ ಪೂರಾ ಹೋಗ್ತೈತಿ."

ಬೇಗಂಬಿ ಬಾಯಿಗೆ ಬಂದದ್ದು ಅಂದಳು. ಸುಗ್ಗಿಯಲ್ಲಿ ಗಿರಣಿ ನಿಲ್ಲಿಸಿದೆ, ಕುಡಿದು ಬಂದಿದ್ದೀ, ನಿನ್ನ ಕೈ ಮುರಿಯಲಿ ಎಂದೆಲ್ಲ ಬೈದಳು. ದಾಕ್ಷಾಯಿಣಿ ತಲೆ ತಗ್ಗಿಸಿ ನಿಂತಳು. ಸಿದ್ರಾಯ ಮಾತ್ರ ಬೈಯುವ ಬಾಯನ್ನೇ ನೋಡುತ್ತ, ಆಮೇಲೆ ಹೆಂಡತಿಯ ಮುಖ ನೋಡುತ್ತ, ಸಂತೆಯಲ್ಲಿ ಕೈ ತಪ್ಪಿದ ಕೂಸಿನಂತೆ ಅವಳ ಸೆರಗಿನ ತುದಿ ಹಿಡಿದುಕೊಂಡ. ಅದನ್ನು ಕಂಡದ್ದೇ ಬೇಗಂಬಿಯ ಬೈಗಳು ಅರ್ಧಕ್ಕೇ ನಿಂತವು. ಕೆಳಗಿಳಿದು ಕೊಡ, ತಂಬಿಗೆ ತಂದಳು. ಅವನ ಎರಡೂ ಕೈ ತನ್ನ ಕೈಯಲ್ಲಿ ಹಿಡಿದು, ಕೊಡ ಬರಿದಾಗುವ ತನಕ ನೀರು ಹೊಯ್ದಳು.

"ಯಾವಾಗಿಂದವಾ?" ಎಂದು ಮೆಲ್ಲಗೆ ಕೇಳಿದಳು. ದಾಕ್ಷಾಯಿಣಿ ಅವನ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿದಳು.

ಬೇಗಂಬಿ ಫೋನು ಮಾಡಿ ಕರೆಸಿದ್ದಕ್ಕೆ ಖಲೀಲ ಸಂಜೆಯೊಳಗೆ ಬಂದ. ಪ್ಲೇಟುಗಳನ್ನು ನೋಡಿದ, ಗೆಳೆಯನನ್ನು ನೋಡಿದ, ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

"ವೈನಿ, ನನಗರ ಹೇಳಬೇಕಾಗಿತ್ರಿ. ನಾ ಏನ್ ಹೆರವನೇನ್ರಿ?"

"ಆಣಿ ಹಾಕಿಸಿಕೊಂಡಿದ್ರು ಖಲೀಲಣ್ಣಾ," ಎಂದಳು.

ಬೇಗಂಬಿಯ ಮಾಳಿಗೆಗೆ ಖಲೀಲನೇ ಹೊಸ ಪ್ಲೇಟು ಹಾಕಿದ. ರಾಜೇಶ್ವರಿ ಗೋಕಾಕದಿಂದ ಬಂದು ಅಪ್ಪನನ್ನು ಬೆಳಗಾವಿಗೆ ಕರೆದೊಯ್ದಳು. ಮರೆವಿನ ರೋಗ, ವಯಸ್ಸಿಗೆ ಮುಂಚೆಯೇ ಬಂದಿದೆ, ಗುಳಿಗೆಗಳು ಅದನ್ನು ಒಂದಿಷ್ಟು ತಡೆದಾವು ಹೊರತು ಹೋದದ್ದನ್ನು ತಿರುಗಿ ತರಲಾರವು ಎಂದು ಡಾಕ್ಟರು ಹೇಳಿದರು. ಮಗಳು ಅತ್ತಳು. ಸಿದ್ರಾಯ ಅವಳ ತಲೆ ಸವರಿ, ಪರೀಕ್ಷೆಯಲ್ಲಿ ನಪಾಸಾದಿ ಏನು, ಇರಲಿ ಬಿಡು ಎಂದು ಸಮಾಧಾನ ಹೇಳಿದ.

ಅಂಗಡಿಯನ್ನು ಖಲೀಲ ನೋಡಿಕೊಂಡ. ಸಿದ್ರಾಯ ಮನೆಯಲ್ಲುಳಿದ. ಬೆಳಗಾದರೆ ಸಾಕು, ಮಾಳಿಗೆ ಹತ್ತಿ ಆ ಕಂದು ಪ್ಲೇಟುಗಳ ಮುಂದೆ ಕೂತು ತಿಕ್ಕುತ್ತಿದ್ದ. ದಾಕ್ಷಾಯಿಣಿ ಬ್ರಷ್ಷು, ತಂತಿ, ನಾರು ಎಲ್ಲ ಬಚ್ಚಿಟ್ಟಳು. ಅಂಗಿಯ ಚುಂಗಿನಿಂದ ತಿಕ್ಕಿದ. ಅಂಗಿ ಬಿಚ್ಚಿಸಿದರೆ ಉಗುರಿನಿಂದ ಕೆರೆದ. ಉಗುರಿನ ಬುಡದಲ್ಲಿ ರಕ್ತ ಬಂತು. ಅದು ಒಳಗಿನ ಬಣ್ಣ, ಹೋಗುವುದಿಲ್ಲ ಎಂದು ಅವಳು ದಿನಾ ಹೇಳಿದಳು, ಅವನು ದಿನಾ ಹೊಸದಾಗಿ ಕೇಳಿ ಹೌದೆಂದು ತಲೆಯಾಡಿಸಿ, ಮತ್ತೆ ಬಗ್ಗಿ ತಿಕ್ಕಿದ. ಕಡೆಗೆ ಮೇಲಿನ ಬಾಗಿಲಿಗೆ ಕೀಲಿ ಜಡಿದಳು. ಅವನು ಆ ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಕೂತು ಅತ್ತ. ಉಣ್ಣಲಿಲ್ಲ. ಗಿರಾಕಿ ಕಾಯುತ್ತಿದ್ದಾರೆ, ನನ್ನ ಹೆಸರು ಕೆಡುತ್ತದೆ, ಬಾಗಿಲು ತೆಗೆ ಎಂದು ಬೇಡಿಕೊಂಡ. ಅವಳು ಕೆಳಗೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕೂತಿದ್ದವಳು ಎದ್ದು ಹೋಗಿ ಕೀಲಿ ತೆಗೆದಳು. ತನ್ನ ಹಳೆಯ ನೂಲಿನ ಸೀರೆ ಹರಿದು ಮೆತ್ತನೆಯ ಅರಿವೆ ಮಾಡಿ ಕೊಟ್ಟಳು, ಬಕೀಟಿನಲ್ಲಿ ನೀರಿಟ್ಟಳು. ಬಿಸಿಲು ಏರುವ ತನಕ ಮತ್ತು ಇಳಿದ ಮೇಲೆ, ಬೇಸಿಗೆಯೆಲ್ಲ, ಅವನು ತಿಕ್ಕಿದ. ಕೆಲವು ದಿನ ಅವಳೂ ಎದುರಿಗೆ ಕೂತು ಇನ್ನೊಂದು ಮೂಲೆಯಿಂದ ತಿಕ್ಕಿದಳು. ಆಗ ಅವನಿಗೆ ಸಂತೋಷವಾಗುತ್ತಿತ್ತು.

ಬೇಸಿಗೆ ಮುಗಿದು ಮಿರಗದ ಮಳೆ ಒಂದೆರಡು ಬಿದ್ದು ಹೊಳವಾದ ಒಂದು ಸಂಜೆ ಅವಳು ಚಹಾ ಹಿಡಿದು ಮೇಲೆ ಬಂದಳು. ಸಿದ್ರಾಯ ಅವಳನ್ನು ಕಂಡು ಎದ್ದು ನಿಂತ. ಅರಿವೆ ಬಕೀಟಿಗೆ ಹಾಕಿ ಕೈ ಒರೆಸಿಕೊಂಡ, ಅಂಗಿಯ ಗುಂಡಿ ಹಾಕಿಕೊಂಡ.

"ಬರ್ರಿ ಅಕ್ಕಾರ," ಎಂದ.

ದಾಕ್ಷಾಯಿಣಿ ಹಿಂದೆ ತಿರುಗಿ ನೋಡಿದಳು. ಯಾರೋ ಬಂದಿದ್ದಾರೆ ಅಂದುಕೊಂಡಿದ್ದಳು. ಯಾರೂ ಇರಲಿಲ್ಲ.

"ನಿಮ್ಮ ಪ್ಲೇಟ ನೋಡಿದ್ನಿರಿ. ಇಲ್ಲಿ ಬರ್ರಿ, ತೋರಸ್ತೀನಿ."

ಅವಳು ಹೋದಳು. ಅವನು ಮೊಣಕಾಲೂರಿ ಕೂತು, ಮೊದಲಿನ ಹಾಗೇ ಬೆರಳ ಹಿಂಬದಿಯಿಂದ ಗಾಜು ಮುಟ್ಟಿ ಹೇಳತೊಡಗಿದ. ಎಲ್ಲೂ ತಡವರಿಸಲಿಲ್ಲ. ಯಾವುದು ಮೇಲಿನ ಕಲೆ, ಯಾವುದು ಒಳಗಿನದು, ಅಂಚಿನಿಂದ ನೀರಿನ ಪಸೆ ಹೇಗೆ ಒಳಗೆ ಹೋಗುತ್ತದೆ, ಬಿಸಿಲಿಗೆ ಅಂಟು ಹೇಗೆ ಬಣ್ಣ ತಿರುಗುತ್ತದೆ, ಬಣ್ಣ ತಿರುಗಿದ ಅಂಟು ಬೆಳಕನ್ನು ಹೇಗೆ ಅರ್ಧ ದಾರಿಯಲ್ಲೇ ತಡೆಯುತ್ತದೆ, ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ. ತಿಂಗಳುಗಟ್ಟಲೆ ಕೇಳದಿದ್ದ ದನಿ ಅದು. ಅಂಗಡಿಯ ಸಿದ್ರಾಯ, ಊರೂರು ತಿರುಗಿದ ಸಿದ್ರಾಯ, ಒಂದು ಕೂದಲೂ ಕೊಂಕದೆ ಅವಳ ಮುಂದೆ ಕೂತಿದ್ದ. ಅವಳನ್ನು ಒಂದು ಬಿಟ್ಟು ಉಳಿದದ್ದೆಲ್ಲ ಆ ಗಳಿಗೆಯಲ್ಲಿ ಅವನಿಗೆ ನೆನಪಿತ್ತು.

ಮಾತು ನಿಲ್ಲಬಾರದು ಎಂದು ಅವಳು ಗಿರಾಕಿಯಂತೆಯೇ ಕೇಳಿದಳು:

"ಹಂಗಾರ ತೊಳದ್ರ ಹೋಗೂದಿಲ್ಲೇನ್ರಿ ಇದು?"

"ಇಲ್ರಿ ಅಕ್ಕಾರ. ಯಾರರ ತಿಕ್ಕಿ ತಗೀತೀನಂತ ಬಂದ್ರ ಮಾಳಿಗಿ ಹತ್ತಸಬ್ಯಾಡ್ರಿ, ಗಾಜ ಹಾಳ ಮಾಡ್ತಾರ. ಇದು ಬದಲಿ ಮಾಡೂದ. ನಿಮ್ಮ ಯಜಮಾನ್ರನ್ನ ಕೇಳಿ ಹೇಳ್ರಿ."

"ಕೇಳ್ತೀನ್ರಿ," ಎಂದಳು.

ಇಪ್ಪತ್ತೇಳು ವರ್ಷ ಅವನ ಬಾಯಲ್ಲಿ ನೀನು ಆಗಿದ್ದವಳು ಅಂದು ನೀವು ಆದಳು. ಬೈದಾಗಲೂ ನೀನೇ, ಮುದ್ದಿಸಿದಾಗಲೂ ನೀನೇ. ಆ ಮರ್ಯಾದೆಯ ಮಾತು ಇಷ್ಟು ಚುಚ್ಚೀತು ಎಂದು ಅವಳು ಎಣಿಸಿರಲಿಲ್ಲ.

ಅವನು ಚಹಾ ಕುಡಿದ, ಚಲೋ ಆಗಿದೆ ಎಂದ, ಕೆಳಗಿಳಿದು ಚಪ್ಪಲಿ ಮೆಟ್ಟಿದ. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು, ನಮ್ಮಾಕಿ ದಾರಿ ನೋಡುತ್ತಿರುತ್ತಾಳೆ ಎಂದ. ದಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹೆಸರ ಏನ್ರಿ ಅವರದು?"

ಸಿದ್ರಾಯ ನಾಚಿದವನ ಹಾಗೆ ನಕ್ಕು ನೆಲ ನೋಡಿದ. ಹೇಳಲಿಲ್ಲ. ಹೆರವರ ಮುಂದೆ ಹೆಂಡತಿಯ ಹೆಸರು ಹಿಡಿಯಲಾರದೆ ಸುಮ್ಮನಾದನೋ, ಹೆಸರೇ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಅವನು ಓಣಿಗಿಳಿದು ನಡೆದ. ಅವಳು ಬಾಗಿಲು ಎಳೆದುಕೊಂಡು ಹಿಂದೆಯೇ ಹೋದಳು. ಮೋಟಾರು ಗಾಡಿಯೊಂದು ಬಂದಾಗ ಅವನು ನಿಂತು, ಸಾವಕಾಶ ಬರ್ರಿ ಎಂದು ಅವಳನ್ನು ಗೋಡೆಯ ಬಾಜೂಕ್ಕೆ ಬಿಟ್ಟು ತಾನು ರಸ್ತೆಯ ಕಡೆ ಆದ. ಕೂಡುದಾರಿಗೆ ಬಂದಾಗ ಅವನ ಕಾಲು ನಿಂತವು. ಆ ಕಡೆ ನೋಡಿದ, ಈ ಕಡೆ ನೋಡಿದ.

"ನಿಮ್ಮ ಮನಿ ನನಗ ಗೊತ್ತೈತ್ರಿ. ಬರ್ರಿ, ಬಿಟ್ಟ ಬರ್ತೀನಿ," ಎಂದಳು ದಾಕ್ಷಾಯಿಣಿ.

ಹಿಂದಿನ ಓಣಿ ಸುತ್ತಿಸಿ ಅವನನ್ನು ಅದೇ ಮನೆಗೆ ಕರೆತಂದಳು. ಬಾಗಿಲು ಕಂಡು ಅವನ ಮುಖ ಅರಳಿತು. ಹೊಸ್ತಿಲು ದಾಟಿ, ತಿರುಗಿ, ಕೈ ಮುಗಿದ.

"ಭಾಳ ಉಪಕಾರ ಆತ್ರಿ ಅಕ್ಕಾರ. ನೀವಿನ್ನ ಹೋಗ್ರಿ, ನಿಮ್ಮನಿಯಾಗೂ ಕಾಯ್ತಿರ್ತಾರ," ಎಂದು ಬಾಗಿಲು ಮುಂದೆ ಮಾಡಿದ.

ಅವಳು ತನ್ನ ಮನೆಯ ಕಟ್ಟೆಯ ಮೇಲೆ ಹೊರಗೆ ನಿಂತಳು. ಒಳಗೆ ಅವನ ಹೆಜ್ಜೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಹೋಗುವುದು ಕೇಳಿಸುತ್ತಿತ್ತು. ಆಮೇಲೆ ದನಿ ಬಂತು.

"ದಾಕ್ಷಾ. ದಾಕ್ಷಾ, ಎಲ್ಲಿದ್ದೀ?"

ಅವಳು ಬಾಗಿಲು ದೂಡಿದಳು. ಓ ಎನ್ನುತ್ತಲೇ ಒಳಗೆ ಹೋದಳು. ಅವನು ನಡುಮನೆಯಲ್ಲಿ ಹೊಲಿಗೆ ಯಂತ್ರದ ಹತ್ತಿರ ನಿಂತಿದ್ದ. ಅವಳನ್ನು ನೋಡಿದ, ಮುಖದಲ್ಲಿ ಮೂಡಿದ ಆಸೆ ಹಾಗೇ ಆರಿತು.

"ನೀವಾ? ಅಕ್ಕಾರ, ನಮ್ಮಾಕಿನ ಎಲ್ಲೆರ ಕಂಡ್ರೇನ್ರಿ?"

ದಾಕ್ಷಾಯಿಣಿ ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡಳು. ಆಮೇಲೆ, ಆಕೆ ಹಿಟ್ಟು ಬೀಸಿಸಲು ಹೋಗಿದ್ದಾಳೆ, ಬರುತ್ತಾಳೆ, ಅಲ್ಲಿಯ ತನಕ ನಿಮಗೆ ಊಟಕ್ಕೆ ನೀಡಲು ಹೇಳಿದ್ದಾಳೆ ಎಂದಳು. ಅವನು ಒಪ್ಪಿ ಗೋಡೆಗೊರಗಿ ಕೂತ. ಅವಳು ಒಲೆ ಹಚ್ಚಿ ರೊಟ್ಟಿ ಬಡಿಯತೊಡಗಿದಳು. ಅವನು ಬಾಗಿಲ ಕಡೆ ನೋಡುತ್ತಿದ್ದ.